ಒಂದು ಪೆಟ್ಟಿಗೆಗೆ ಬೇಕಾದಷ್ಟು ಕರೆಂಟು

ಕೋವಿಡ್ ಗಲಾಟೆ ಅಡಗಿದ ಮೇಲಿನ ಎರಡನೇ ಬೇಸಿಗೆ. ವಿದ್ಯುತ್ ಸರಬರಾಜು ಕಂಪನಿಯಲ್ಲಿ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿ ಕಡೂರು, ಬೀರೂರು ಕಡೆಯ ಲೈನುಗಳನ್ನು ನೋಡಿಕೊಳ್ಳುತ್ತಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ನನ್ನದು ಸಿಡುಕು ಸ್ವಭಾವ ಅಂತ ಆಫೀಸಿನಲ್ಲಿ ಹೆಸರಾಗಿತ್ತು, ಆ ಹೆಸರು ಕೆಡಿಸಿಕೊಳ್ಳುವ ಪ್ರಯತ್ನವನ್ನು ನಾನೂ ಮಾಡಿರಲಿಲ್ಲ. ಈಗ ಹೇಳಹೊರಟಿರುವುದು ಎಮ್ಮೆದೊಡ್ಡಿ ಕಾವಲಿನ ಅಂಚಿಗಿರುವ ಒಂದು ಸಣ್ಣ ಊರಿನಲ್ಲಿ ನಡೆದದ್ದು. ಊರಿನ ಹೆಸರು ಬರೆಯುವುದಿಲ್ಲ. ಆ ಜನ ಈಗಲೂ ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾರೆ, ಕಾಫಿ ಕುಡಿಸದೆ ಬಿಡುವುದಿಲ್ಲ.

ಆ ಊರಿನವರು ತಮ್ಮದೇ ಒಂದು ಸೋಲಾರ್ ಘಟಕ ಮಾಡಿಕೊಂಡಿದ್ದರು. ಶಾಲೆಯ ಹಿಂದೆ, ಏನೂ ಬೆಳೆಯದ ಕಲ್ಲುಗುಡ್ಡೆಯ ಜಾಗದಲ್ಲಿ ಸಾಲಾಗಿ ಪ್ಯಾನೆಲ್ಲು. ಸರ್ಕಾರದ ಸಹಾಯಧನ ಒಂದಷ್ಟು, ಉಳಿದದ್ದು ಊರಿನದು. ಮನೆಗೊಂದು ಪಾಲು. ದುಡ್ಡಿಲ್ಲದ ಮನೆಯವರು ಗುಂಡಿ ತೋಡಿ, ಕಲ್ಲು ಹೊತ್ತು ಪಾಲು ಪಡೆದಿದ್ದರು. ಪಾಲುದಾರರೆಲ್ಲ ಸೇರಿ ಮಾಡಿಕೊಂಡ ಸಂಘಕ್ಕೆ ಗಂಗಮ್ಮ ಅಧ್ಯಕ್ಷೆ. ಹತ್ತು ತೆಂಗಿನ ಮರ, ಒಂದಿಷ್ಟು ಖುಷ್ಕಿ ಜಮೀನು, ಯಾರಿಗೂ ಬಗ್ಗದ ನಾಲಿಗೆ, ಇದಿಷ್ಟು ಆಕೆಯ ಆಸ್ತಿ. ಮೊದಮೊದಲು ನಾನು ಈ ಸಂಘವನ್ನು ಅಷ್ಟಾಗಿ ನಂಬಿರಲಿಲ್ಲ. ಆದರೆ ವರ್ಷ ತಿರುಗುವುದರೊಳಗೆ ಊರಿನಲ್ಲಿ ರಾಗಿ ಗಿರಣಿ ಬಂತು, ಹಾಲು ಕೆಡದಂತೆ ಇಡುವ ಕೂಲರ್ ಬಂತು, ಕುಡಿಯುವ ನೀರಿನ ಮೋಟರು ಹಗಲಲ್ಲೇ ಓಡತೊಡಗಿತು. ಉಳಿದ ಕರೆಂಟು ನಮ್ಮ ಲೈನಿಗೆ ಬರುತ್ತಿತ್ತು, ಅದರ ದುಡ್ಡು ಸಂಘಕ್ಕೆ ಹೋಗುತ್ತಿತ್ತು. ಬೆಳಗಿನ ಹೊತ್ತು ಕೊಡ ಹಿಡಿದು ಜಗಳವಾಡುತ್ತಿದ್ದ ಹೆಂಗಸರು ಈಗ ಗಿರಣಿ ಮುಂದೆ ಕೂತು ಹರಟುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ಒಂದೇ ಒಂದು ವಿಷಯಕ್ಕೆ ಗಂಗಮ್ಮನಿಗೂ ನನಗೂ ಯಾವಾಗಲೂ ಜಟಾಪಟಿ. ಪ್ಯಾನೆಲ್ಲಿನಿಂದ ಬರುವ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಾಯಿಸುವ ಯಂತ್ರಕ್ಕೆ ಇನ್ವರ್ಟರ್ ಅನ್ನುತ್ತೇವೆ. ಇಂಥ ಘಟಕಗಳಲ್ಲಿ ಅದು ನಮ್ಮ ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಲೈನು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನು ಸತ್ತಿದೆ ಅಂತ ನಂಬಿ ಕಂಬ ಹತ್ತಿದವನಿಗೆ ಹಿಂದಿನಿಂದ ಕರೆಂಟು ಬಂದು ಹೊಡೆಯಬಾರದು ಅಂತ ಹಾಗೆ ಮಾಡಿರುವುದು. ಇದನ್ನು ನಾನು ಆ ಊರಿನ ಕಟ್ಟೆಯ ಮೇಲೆ ಕೂತು ಬಿಡಿಸಿ ಬಿಡಿಸಿ ಹೇಳಿದ್ದೆ. ಗಂಗಮ್ಮ ಕೇಳುವಷ್ಟು ಕೇಳಿ, "ನಮ್ಮ ಕೊಟ್ಟಿಗೆ ಎಮ್ಮೆ ಸಾರ್ ಅದು. ಹಾಲು ಕರ್ಕೊಳಕ್ಕೆ ನಿಮ್ಮ ಅಪ್ಪಣೆ ಬೇಕಾ? ನೆತ್ತಿ ಸುಡೋ ಬಿಸ್ಲು, ಮನೇಲಿ ಫ್ಯಾನ್ ತಿರುಗಲ್ಲ ಅಂದ್ರೆ ಏನ್ ನ್ಯಾಯ?" ಅಂದಿದ್ದಳು. ಬ್ಯಾಟರಿ ವ್ಯವಸ್ಥೆಗೆ ಅರ್ಜಿ ಹಾಕಿ, ಮಾಡಿಸಿಕೊಡುತ್ತೇನೆ ಅಂದಿದ್ದೆ. ಅರ್ಜಿ ಹಾಕಿದ್ದರು. ಮಂಜೂರಾತಿ ಇನ್ನೂ ಬಂದಿರಲಿಲ್ಲ.

ಹೀಗಿರುವಾಗ ಆ ಊರಿನ ಸೂಲಗಿತ್ತಿ ತಿಮ್ಮಜ್ಜಿ ತೀರಿಕೊಂಡಳು. ಊರಿನ ಅರ್ಧ ಜನ ಆಕೆಯ ಕೈಯಲ್ಲಿ ಹುಟ್ಟಿದವರು. ಒಬ್ಬಳೇ ಮಗಳು, ದೂರದ ಸೂರತ್‌ನಲ್ಲಿ ಗಂಡನ ಜೊತೆ ಇದ್ದಳು. ರೈಲು ಹಿಡಿದು ಬೀರೂರಿಗೆ ಬರುವುದು ಮಾರನೆಯ ಬೆಳಗ್ಗೆ. ಮಗಳು ಬಂದು ಬಾಯಿಗೆ ನೀರು ಬಿಡದೆ ಹೆಣ ಎತ್ತುವುದು ಆ ಕಡೆ ಇಲ್ಲ. ಬೀರೂರಿನಿಂದ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ತಂದು ಅಜ್ಜಿಯನ್ನು ಅದರಲ್ಲಿ ಮಲಗಿಸಿದ್ದರು.

ಅದೇ ದಿನ ನಮ್ಮ ಲೈನ್ ಕ್ಲಿಯರ್ ಇತ್ತು. ಲೈನ್ ಕ್ಲಿಯರ್ ಅಂದರೆ, ಇಂಥ ಲೈನಿನ ಮೇಲೆ ನನ್ನ ಜನ ಕೆಲಸ ಮಾಡುತ್ತಿದ್ದಾರೆ, ನಾನು ವಾಪಸ್ ಒಪ್ಪಿಸುವವರೆಗೆ ಕರೆಂಟು ಕೊಡಬೇಡಿ ಅಂತ ಸಬ್ ಸ್ಟೇಷನ್ನಿನಿಂದ ಮಾತು ಪಡೆಯುವುದು. ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟು ಇರುವುದಿಲ್ಲ ಅಂತ ಮೊದಲೇ ಸಾರಿದ್ದೆವು. ಕಾವಲಿನ ಕಡೆ ಹೋಗುವ ದೊಡ್ಡ ಲೈನಿನಲ್ಲಿ ತಂತಿ ಕೂರಿಸುವ ಒಡೆದ ಪಿಂಗಾಣಿಗಳನ್ನು ಬದಲಾಯಿಸಬೇಕಿತ್ತು. ನಮ್ಮ ಹುಡುಗರ ತಂಡಕ್ಕೆ ಗೌಸ್ ಪೀರ್ ಮುಂದಾಳು. ತರೀಕೆರೆಯವನು, ಮನೆಯಲ್ಲಿ ದಖನಿ ಉರ್ದು, ಕಂಬದ ಮೇಲೆ ಅಪ್ಪಟ ಕಡೂರು ಕನ್ನಡ. ನಾನು ಬೈದರೆ ನಗುತ್ತಿದ್ದ ಒಬ್ಬನೇ ನೌಕರ. "ಬೈಯಿರಿ ಸಾರ್, ಬೈದ್ರೆ ನಿಮ್ಮ ಬೀಪಿ ಇಳೀತದೆ" ಅನ್ನುತ್ತಿದ್ದ. ಆ ಊರಿನ ಸೋಲಾರ್ ಘಟಕದ ಕೆಲಸ ನಡೆಯುವಾಗ ತಿಂಗಳುಗಟ್ಟಲೆ ಅಲ್ಲೇ ಓಡಾಡಿ ಊರಿಗೆಲ್ಲ ಬೇಕಾದವನಾಗಿದ್ದ. ಬಿಸಿಲಲ್ಲಿ ಬಂದರೆ ತಿಮ್ಮಜ್ಜಿ ಅವನಿಗೆ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ.

ಕರೆಂಟು ತೆಗೆದು ಸ್ವಲ್ಪ ಹೊತ್ತಿಗೆ ಗಂಗಮ್ಮನ ಫೋನು. ಸಂಜೆವರೆಗೆ ತಡೆಯಲ್ಲ ಸಾರ್, ನಡುವೆ ಒಂದು ಸ್ವಲ್ಪ ಕೊಡಿ ಅಂದಳು. ಕಂಬಗಳ ಮೇಲೆ ಜನ ಇದ್ದಾರೆ, ಆಗುವುದಿಲ್ಲ, ಐಸು ತರಿಸಿ ಅಂದೆ. ಜನರೇಟರು ಹುಡುಕಿದೆವು, ಶಾಮಿಯಾನದವನದು ಅಜ್ಜಂಪುರದ ಮದುವೆಗೆ ಹೋಗಿದೆ ಅಂದಳು. ಐಸು ತರಿಸಮ್ಮ ಅಂತ ಮತ್ತೆ ಹೇಳಿ ಫೋನಿಟ್ಟೆ. ಆಕೆ ವಾದ ಮಾಡಲಿಲ್ಲ. ಅದೇ ನನಗೆ ಸಮಾಧಾನ ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಗೌಸ್, "ಸಾರ್, ಅಜ್ಜಿ ಮುಖ ನೋಡ್ಕೊಂಡ್ ಬರಾಣ" ಅಂದ. ಡ್ರೈವರನನ್ನು ಕರೆದುಕೊಂಡು ಜೀಪಿನಲ್ಲಿ ಇಬ್ಬರೂ ಹೋದೆವು. ದಾರಿಯಲ್ಲಿ ಒಂದು ಹಾರ ತೆಗೆದುಕೊಂಡೆವು. ಊರಿನೊಳಗೆ ಬಂದರೆ ನಿಶ್ಶಬ್ದ. ಗಿರಣಿ ನಿಂತಿತ್ತು. ಒಂದು ಮನೆಯಲ್ಲೂ ಫ್ಯಾನಿಲ್ಲ, ಟೀವಿಯಿಲ್ಲ. ಅಜ್ಜಿಯ ಮನೆ ಮುಂದೆ ಶಾಮಿಯಾನದ ಕೆಳಗೆ ಜನ ಬೀಸಣಿಗೆ, ಪೇಪರು ಬೀಸಿಕೊಳ್ಳುತ್ತ ಕೂತಿದ್ದರು. ನಾನು ಹಾರ ಹಿಡಿದು ಒಳಗೆ ಹೋದೆ. ಗೌಸ್ ಚಪ್ಪಲಿ ಬಿಡುತ್ತ ಹಿಂದೆಯೇ ಬರುತ್ತಿದ್ದಾನೆ ಅಂದುಕೊಂಡಿದ್ದೆ.

ಅವನು ಬರಲಿಲ್ಲ. ಮನೆಯ ಪಕ್ಕದ ಕಂಬದಲ್ಲಿ, ಲೈನಿನಿಂದ ಅಜ್ಜಿಯ ಮನೆಗೆ ಇಳಿಯುವ ತಂತಿಯ ಹಿಡಿ ಸುಟ್ಟು ಸಡಿಲವಾಗಿದ್ದದ್ದು ಅವನ ಕಣ್ಣಿಗೆ ಬಿತ್ತಂತೆ. ರಾತ್ರಿಯೆಲ್ಲ ಜನ ಸೇರುವ ಮನೆ, ಕಿಡಿ ಬಿದ್ದು ಶಾಮಿಯಾನಕ್ಕೆ ಹತ್ತಿಕೊಂಡರೆ ಗತಿಯೇನು ಅಂತ, ಹೇಗೂ ಲೈನು ಸತ್ತಿದೆ, ಎರಡು ನಿಮಿಷದ ಕೆಲಸ ಅಂತ ಏಣಿ ತರಿಸಿದ. ಎದುರು ಮನೆಯ ಹೆಂಗಸನ್ನು ಕೇಳಿಯೂ ಕೇಳಿದ: "ಕರೆಂಟಿಲ್ಲ ತಾನೇ ಅಕ್ಕಾ?" ಆಕೆ, "ಬೆಳಗ್ಗೆಯಿಂದ್ಲೂ ಇಲ್ಲ ಕಣಪ್ಪ" ಅಂದಳು. ಅವಳ ಮನೆಯಲ್ಲಿ ಇರಲಿಲ್ಲ ಅನ್ನುವುದು ನಿಜ. ತಂತಿ ಮುಟ್ಟುವ ಮುಂಚೆ ಟೆಸ್ಟರ್ ಹಿಡಿದು ನೋಡಬೇಕು ಅನ್ನುವುದು ನಿಯಮ. ಬೆಳಗ್ಗೆ ತನ್ನ ಕೈಯಾರೆ ಸ್ವಿಚ್ ತೆಗೆದು ಬಂದವನು ಹಿಡಿಯಲಿಲ್ಲ.

ಒಳಗೆ ನಾನು ಪೆಟ್ಟಿಗೆಯ ಮೇಲೆ ಹಾರ ಇಟ್ಟು ಕೈಮುಗಿದೆ. ಗಾಜಿನೊಳಗೆ ಅಜ್ಜಿ ತಣ್ಣಗೆ ಮಲಗಿದ್ದಳು. ಕಣ್ಣು ತಗ್ಗಿಸಿದಾಗ ಪೆಟ್ಟಿಗೆಯ ಬದಿಯಲ್ಲಿ ಒಂದು ಹಸಿರು ದೀಪ ಉರಿಯುತ್ತಿರುವುದು ಕಂಡಿತು. ಮೋಟರು ಗುಂಯ್ ಅನ್ನುತ್ತಿತ್ತು. ಅದರ ವೈರು ಹೋಗಿ ಗೋಡೆಯ ಪ್ಲಗ್ಗಿಗೆ ಸೇರಿತ್ತು. ನನ್ನ ತಲೆಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ನಾನು ಲೈನ್ ಕ್ಲಿಯರ್ ತೆಗೆದುಕೊಂಡ ಊರಿನಲ್ಲಿ, ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇದೆ. ಪಕ್ಕಕ್ಕೆ ತಿರುಗಿದೆ. ಗೌಸ್ ಇಲ್ಲ.

ಹೊರಗೆ ಓಡಿ ಬಂದವನಿಗೆ ಏಣಿಯ ಮೇಲೆ ಅವನ ಬೆನ್ನು ಕಾಣಿಸಿತು. ಕೂಗಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬಲಗೈ ತಂತಿಯನ್ನು ಹಿಡಿದಿತ್ತು. ಕಿಡಿಯಿಲ್ಲ, ಶಬ್ದವಿಲ್ಲ. ಮೈ ಸೆಟೆದುಕೊಂಡಿತು, ಏಣಿ ಜಾರಿತು, ಆ ಭಾರಕ್ಕೇ ಕೈ ಬಿಟ್ಟುಕೊಂಡು ಶಾಮಿಯಾನದ ಬಟ್ಟೆಯ ಮೇಲೆ ಬಿದ್ದ. ಬಟ್ಟೆ ಹರಿದು, ಕೂತಿದ್ದವರ ನಡುವೆ ನೆಲಕ್ಕೆ ಬಂದ. ಅಷ್ಟು ಜನರಲ್ಲಿ ಯಾರೂ ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ. ನೌಕರಿಯುದ್ದಕ್ಕೂ ಇಂಥದಕ್ಕೆ ತರಬೇತಿ ಕೊಟ್ಟವನು ಕಂಬದಂತೆ ನಿಂತುಬಿಟ್ಟೆ.

ಅವನಿಗೆ ಉಸಿರಿರಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆ ಸವಿತಾ ಜನರನ್ನು ತಳ್ಳಿಕೊಂಡು ಬಂದು ಮಂಡಿಯೂರಿ ಕೂತು ಎರಡೂ ಕೈಯಿಂದ ಅವನ ಎದೆ ಒತ್ತತೊಡಗಿದಳು. "ನಿಂತ್ಕೊಂಡ್ ನೋಡ್ತೀರಲ್ಲ ಸಾರ್, ತಲೆ ಹಿಡೀರಿ" ಅಂದಳು. ಹಿಡಿದೆ. ಅವಳು ಸುಸ್ತಾದಾಗ ನಾನು ಒತ್ತಿದೆ, ನಾನು ಸುಸ್ತಾದಾಗ ಅವಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೊನೆಗೊಮ್ಮೆ ಅವನ ಗಂಟಲಿನಿಂದ ಗೊರಕೆಯಂಥ ಸದ್ದು ಬಂದು ಎದೆ ತಾನಾಗಿ ಏರಿತು. ಅವನನ್ನು ಜೀಪಿಗೆ ಹಾಕಿ ಸವಿತಾಳನ್ನೂ ಕೂರಿಸಿ ಡ್ರೈವರನನ್ನು ಬೀರೂರಿಗೆ ಓಡಿಸಿದೆ. ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಹೋದ.

ನಾನು ಉಳಿದೆ. ಎಲ್ಲಿಂದ ಬಂತು ಈ ಕರೆಂಟು ಅಂತ ಗಂಗಮ್ಮನನ್ನು ಕೇಳಿದೆ. ಅವಳ ಮುಖ ಬೂದಿಯಾಗಿತ್ತು. ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಘಟಕ ನೋಡಿಕೊಳ್ಳುವ ಶಿವರಾಜ, ಐಟಿಐ ಓದಿದವನು, ನಡೆದದ್ದರ ಅರಿವೇ ಇಲ್ಲದೆ ಇನ್ವರ್ಟರ್ ಮುಂದೆ ಕೂತಿದ್ದ. ಅಲ್ಲಿ ನೋಡಿದ್ದನ್ನು ಅರಗಿಸಿಕೊಳ್ಳಲಿಕ್ಕೆ ನನಗೆ ಬಹಳ ದಿನ ಬೇಕಾಯಿತು.

ಹಾಲಿನ ಕೂಲರಿಗೆ ಇದ್ದ ಸಣ್ಣ ಬ್ಯಾಟರಿ ಯುಪಿಎಸ್ಸನ್ನು ಹೊತ್ತು ತಂದು ಇನ್ವರ್ಟರಿಗೆ ಕೊಟ್ಟಿದ್ದರು. ಲೈನಿನಲ್ಲಿ ಕರೆಂಟು ಇದೆ ಅಂತ ಇನ್ವರ್ಟರು ಮೋಸ ಹೋಗಿ ಎದ್ದಿತ್ತು. ಜಾಸ್ತಿ ಕರೆಂಟು ಬಂದು ಯುಪಿಎಸ್ ಸುಡಬಾರದು ಅಂತ ಒಂದು ಸಾಲು ಪ್ಯಾನೆಲ್ ಬಿಟ್ಟು ಉಳಿದವಕ್ಕೆ ರಾಗಿ ಒಕ್ಕುವ ಟಾರ್ಪಾಲು ಹೊದಿಸಿದ್ದರು. ಅಜ್ಜಿಯ ಮನೆಯವರೆಗೆ ಎಳೆಯುವಷ್ಟು ಉದ್ದದ ಕೇಬಲ್ ಇರಲಿಲ್ಲ, ಊರ ಕಂಬದ ಲೈನನ್ನೇ ಬಳಸಿಕೊಂಡಿದ್ದರು. ದೊಡ್ಡ ಲೈನಿನ ಮೇಲಿರುವ ನಮ್ಮ ಹುಡುಗರಿಗೆ ತೊಂದರೆಯಾಗಬಾರದು ಅಂತ ಟ್ರಾನ್ಸ್‌ಫಾರ್ಮರಿನ ಫ್ಯೂಸುಗಳನ್ನೆಲ್ಲ ಕಿತ್ತಿಟ್ಟಿದ್ದರು. ಅಷ್ಟೂ ಆದಮೇಲೆ ಮನೆಮನೆಗೆ ಹೋಗಿ ಹೇಳಿದ್ದರು: ಎಲ್ಲರೂ ಮೇನ್ ಸ್ವಿಚ್ ಆಫ್ ಮಾಡಿ, ಅಜ್ಜಿಗೆ ಮಾತ್ರ ಸಾಕು. ಊರಿಗೆ ಊರೇ ಆಫ್ ಮಾಡಿತ್ತು. ಒಂದು ಮನೆಯೂ ಕದ್ದು ಒಂದು ಬಲ್ಬು ಹಾಕಿರಲಿಲ್ಲ. ಅದಕ್ಕೇ ಗೌಸನ ಕಣ್ಣಿಗೆ ಊರು ಪೂರ್ತಿ ಸತ್ತಂತೆ ಕಂಡಿತ್ತು. ಮನೆಯ ಸ್ವಿಚ್ಚು ಆರಿಸಿದರೂ ಕಂಬದ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ ಅನ್ನುವುದು ಎದುರು ಮನೆಯವಳಿಗೂ ಶಾಮಿಯಾನದ ಕೆಳಗೆ ಕೂತವರಿಗೂ ಹೊಳೆದಿರಲಿಲ್ಲ.

"ಒಂದು ಪೆಟ್ಗೆಗೆ ಆಗೋಷ್ಟೇ ಬಿಟ್ಟಿದ್ವಿ ಸಾರ್" ಅಂದ ಶಿವರಾಜ. "ಅಷ್ಟರಿಂದ ಯಾರಿಗೇನಾಗ್ತದೆ ಅನ್ಕೊಂಡ್ವಿ." ಅವನಿಗೆ ವಿಷಯ ತಿಳಿಸಿದೆ. ಅಲ್ಲೇ ಕುಸಿದು ಕೂತ. ಓದುಗರಿಗೂ ಇದು ತಿಳಿದಿರಲಿ. ಕರೆಂಟು ಪೆಟ್ಟಿಗೆಗೆ ಎಷ್ಟು ಬೇಕೋ ಅಷ್ಟು, ಊರಿಗೆ ಎಷ್ಟು ಬೇಕೋ ಅಷ್ಟು ಅಂತ ಅಳತೆಯಲ್ಲಿ ಹೊಡೆಯುವುದಿಲ್ಲ. ತಂತಿಯಲ್ಲಿದ್ದದ್ದು ಮನೆಮನೆಯ ಪ್ಲಗ್ಗಿನಲ್ಲಿರುವ ಅದೇ ಇನ್ನೂರಮೂವತ್ತು ವೋಲ್ಟು. ಒಂದು ಪೆಟ್ಟಿಗೆ ತಣ್ಣಗಿಡಲು ಬೇಕಾದದ್ದರಲ್ಲಿ ಸಣ್ಣ ಪಾಲು ಸಾಕು, ಮನುಷ್ಯನ ಗುಂಡಿಗೆ ನಿಲ್ಲಲಿಕ್ಕೆ.

ನನಗೆ ಕೆಂಡದಂಥ ಕೋಪ ಬಂತು. ಯಾರು ಮಾಡಿದ್ದು ಇದು ಅಂತ ಕೇಳಿದೆ. ಕಳ್ಳ ಕನೆಕ್ಷನ್ನು, ಸುಟ್ಟ ಟ್ರಾನ್ಸ್‌ಫಾರ್ಮರು, ಎಷ್ಟೋ ನೋಡಿದ್ದೇನೆ. ಈ ಪ್ರಶ್ನೆಗೆ ಒಂದೇ ಉತ್ತರ ಕೇಳಿ ಕಿವಿ ಜಡ್ಡುಗಟ್ಟಿತ್ತು: ನಾನಲ್ಲ ಸಾರ್. ಅವತ್ತು ಗಂಗಮ್ಮ, "ನಾನೇ" ಅಂದಳು. ಶಿವರಾಜ, "ಇಲ್ಲ, ವೈರು ಕೊಟ್ಟಿದ್ದು ನಾನೇ" ಅಂದ. ಹಿಂದೆ ಬಂದು ನಿಂತಿದ್ದವರಲ್ಲಿ ಒಬ್ಬ, "ಫ್ಯೂಸ್ ಕಿತ್ತಿದ್ದು ನಾನು, ನನ್ನ ಹೆಸ್ರು ಬರ್ಕಳಿ" ಅಂದ. ಟಾರ್ಪಾಲು ಹೊದಿಸಿದವನು ನಾನು ಅಂದ. ಮೇನ್ ಸ್ವಿಚ್ ಆರಿಸಿದ ಮುದುಕಿಯೊಬ್ಬಳು, "ನಾನೂ ಸೇರಿದ್ದೆ ಕಣಪ್ಪ" ಅಂತ ಮುಂದೆ ಬಂದಳು. ಬೈಯಲಿಕ್ಕೆ ಬಂದವನಿಗೆ ಯಾರನ್ನು ಬೈಯುವುದು ಅಂತ ತಿಳಿಯಲಿಲ್ಲ. ಘಟಕ ಬಂದ್ ಮಾಡಿಸಿ ಬಾಗಿಲಿಗೆ ಸೀಲು ಹಾಕಿದೆ. ಯಾರೂ ಅಡ್ಡ ಬರಲಿಲ್ಲ.

ಮರುದಿನ ಬೆಳಗ್ಗೆ ಮಗಳು ಬಂದು ಬಾಯಿಗೆ ನೀರು ಬಿಟ್ಟಳಂತೆ. ನಡೆದದ್ದನ್ನು ಕೇಳಿ ತಾಯಿಗೆ ಅತ್ತದ್ದಕ್ಕಿಂತ ಹೆಚ್ಚು ಗೌಸನಿಗೆ ಅತ್ತಳಂತೆ. ನಾನು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಗೌಸನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲೈನು ಸತ್ತಿದೆ ಅಂತ ಹೇಳಿ ಅವಳ ಗಂಡನನ್ನು ಕೆಲಸಕ್ಕೆ ಹಚ್ಚಿದವನು ನಾನು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗೌಸ್ ಬದುಕಿದ. ಬಲಗೈಯ ಎರಡು ಬೆರಳು ಹೋದವು, ಸೊಂಟದ ಮೂಳೆ ಮುರಿದಿತ್ತು. ಇನ್ನು ಕಂಬ ಹತ್ತುವಂತಿಲ್ಲ ಅಂತ ಡಾಕ್ಟರು ಹೇಳಿದರು.

ಘಟಕ ಮುಚ್ಚಿದ ಮೇಲೆ ಊರು ಹಿಂದಕ್ಕೆ ಹೋಯಿತು. ಗಿರಣಿ ಕರೆಂಟಿನ ಬಿಲ್ಲು ಕಟ್ಟಲಾಗದೆ ನಿಂತಿತು, ಹೆಂಗಸರು ರಾಗಿ ಚೀಲ ಹೊತ್ತು ಬೀರೂರಿನ ಬಸ್ಸು ಹತ್ತತೊಡಗಿದರು. ಹಾಲು ಒಡೆದು ವಾಪಸ್ ಬರುತ್ತಿತ್ತು. ನೀರು ಮತ್ತೆ ಹೊತ್ತಲ್ಲದ ಹೊತ್ತಿನಲ್ಲಿ. ಘಟಕವನ್ನು ಶಾಶ್ವತವಾಗಿ ರದ್ದು ಮಾಡಬೇಕೆ, ಭದ್ರತೆಯ ವ್ಯವಸ್ಥೆ ಹಾಕಿಸಿ ವಾಪಸ್ ಕೊಡಬೇಕೆ ಅಂತ ಮೇಲಿನವರು ನನ್ನ ಅಭಿಪ್ರಾಯ ಕೇಳಿದರು. ಪೆಟ್ಟು ತಿಂದವನ ಹೇಳಿಕೆಯೂ ಬೇಕಿತ್ತು. ರದ್ದು ಮಾಡಿ ಅಂತ ಗೌಸ್ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ಅದನ್ನೇ ಬರೆಯುತ್ತಿದ್ದೆ. ತರೀಕೆರೆಯ ಅವನ ಮನೆಗೆ ಹೋಗಿ ಕೇಳಿದೆ. "ಇಲ್ಲಿ ಕೂತ್ಕೊಂಡು ಹೇಳಲ್ಲ ಸಾರ್. ಅವ್ರ ಮುಂದೆ ಹೇಳ್ತೀನಿ, ಕರ್ಕೊಂಡ್ ಹೋಗಿ" ಅಂದ.

ಶಾಲೆಯ ಜಗಲಿಯಲ್ಲಿ ಊರು ಸೇರಿತು. ಗೌಸ್ ಕೋಲೂರಿಕೊಂಡು ಜೀಪಿನಿಂದ ಇಳಿದ. ಅವನನ್ನು ನೋಡಿದ್ದೇ ಶಿವರಾಜ ಬಿಕ್ಕಿಬಿಕ್ಕಿ ಅಳತೊಡಗಿದ. ಗಂಗಮ್ಮ ಎದ್ದು ನಿಂತು, "ತಪ್ಪು ನಂದು ಗೌಸಾ. ಆವತ್ತು ಮಾಡ್ಸಿದ್ದು ನಾನೇ. ನಿನ್ನ ಮಕ್ಕಳ ಓದು, ಮದುವೆ, ಎಲ್ಲಾ ಊರು ನೋಡ್ಕಳ್ತದೆ" ಅಂದಳು. ಶಿವರಾಜ ಅಳುತ್ತಲೇ ನಾನು ಅಂದ. ಫ್ಯೂಸಿನವನು ನಾನು ಅಂದ. ಆವತ್ತಿನಂತೆಯೇ ಒಬ್ಬರ ಹಿಂದೆ ಒಬ್ಬರು ಎದ್ದರು. ಎಂಥ ಜನ ಅನ್ನಿಸಿತು. ಇಂಥ ಜನರ ಮೇಲೆ ಇವನು ಏನು ತಾನೇ ಹೇಳಿಯಾನು ಅಂದುಕೊಂಡೆ.

ಗೌಸ್ ಎಲ್ಲರದೂ ಮುಗಿಯುವವರೆಗೆ ಕಾದ. ಅವನ ಮುಖದಲ್ಲಿ ನಗುವಿರಲಿಲ್ಲ. "ಹಾಕಿದ್ದು ನಾನು, ಹಾಕಿದ್ದು ನಾನು ಅಂತ ಊರೆಲ್ಲಾ ಹೇಳ್ತೀರಿ" ಅಂದ. "ನನ್ನನ್ನ ಒಂದು ಮಾತು ಕೇಳಿದ್ದು ನಾನು ಅಂತ ಒಬ್ರಾದ್ರೂ ಹೇಳಿ. ನನ್ನ ನಂಬರು ಈ ಊರಲ್ಲಿ ಯಾರ ಫೋನಲ್ಲಿಲ್ಲ?"

ಮನೆಮನೆಗೆ ಹೋಗಿ ಹೇಳಿದ ಜನ. ದೊಡ್ಡ ಲೈನಿನ ಹುಡುಗರನ್ನು ನೆನೆದು ಫ್ಯೂಸು ಕಿತ್ತ ಜನ. ಒಂದು ಸಣ್ಣ ಫೋನು ಮಾತ್ರ ಮಾಡಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಗಂಗಮ್ಮ ನಿಂತಲ್ಲೇ ತಲೆ ತಗ್ಗಿಸಿದಳು. "ಮುಚ್ಚಿಸಿಬಿಡು ಗೌಸಾ. ನಿನ್ನ ಮಾತಿಗೆ ನಾವು ಎದುರಾಡಲ್ಲ" ಅಂದಳು.

"ಮುಚ್ಚಿಸಿ ನನ್ನ ಬೆರಳು ಬರ್ತದಾ?" ಅಂದ ಗೌಸ್. "ಮಕ್ಕಳ ಓದು ನಾನು ನೋಡ್ಕಳ್ತೀನಿ. ನನಗೊಂದು ಪಾಲು ಕೊಡಿ. ನಿಮ್ಮ ಮನೆಗಳಿಗಿದ್ದಂಗೆ ಒಂದು ಪಾಲು. ನನ್ನಂಗೆ ಈ ಲೈನ್ ಹತ್ತೋನು ಯಾವನಿದ್ರೂ ಅವನಿಗೊಂದು. ಪಾಲುದಾರ ಅಂದ್ಮೇಲೆ ಕೇಳ್ದೆ ಹಾಕಕ್ಕಾಗಲ್ಲ."

ಸಂಘದ ನಿಯಮದಲ್ಲಿ ಹೊರಗಿನವರಿಗೆ ಪಾಲಿರಲಿಲ್ಲ. ಆ ಜಗಲಿಯಲ್ಲೇ ಕೈ ಎತ್ತಿ ನಿಯಮ ಬದಲಾಯಿಸಿದರು. ನಾನು ನನ್ನ ಅಭಿಪ್ರಾಯದಲ್ಲಿ ರದ್ದು ಬೇಡ ಅಂತ ಬರೆದೆ. ಲೈನು ಸತ್ತಾಗ ಘಟಕ ಊರಿನ ಕಂಬಕ್ಕೆ ಸೇರದಂತೆ ತಡೆಯುವ ಸ್ವಿಚ್ಚು ಹಾಕಿಸಿದೆ. ಬಹುದಿನದಿಂದ ಕೂತಿದ್ದ ಬ್ಯಾಟರಿಯ ಅರ್ಜಿಗಾಗಿ ಆಫೀಸು ಆಫೀಸು ಅಲೆದು ಜಗಳ ಮಾಡಿ ಮಂಜೂರು ಮಾಡಿಸಿದೆ. ನನ್ನ ಸಿಡುಕು ಕೆಲಸಕ್ಕೆ ಬಂದದ್ದು ಅದೊಂದೇ ಸಲ ಅನ್ನಿಸುತ್ತದೆ.

ಘಟಕ ಮತ್ತೆ ಶುರು ಮಾಡುವ ದಿನ ನಾನೂ ಹೋಗಿದ್ದೆ. ಶಿವರಾಜ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದ. ಊರೆಲ್ಲ ಸುತ್ತ ನಿಂತಿತ್ತು. ಗಂಗಮ್ಮ ನನ್ನ ಕಡೆ ನೋಡಲಿಲ್ಲ. ಗೌಸನ ಕಡೆ ತಿರುಗಿ, "ಹಾಕ್ಲೇನಪ್ಪಾ?" ಅಂದಳು. ಗೌಸ್ ಕೋಲೂರಿಕೊಂಡು ಹೊರಗೆ ಹೋದ. ಶಾಲೆಯಿಂದ ಅಜ್ಜಿಯ ಮನೆಯವರೆಗೆ ಒಂದೊಂದು ಕಂಬದ ಕೆಳಗೂ ನಿಂತು ತಲೆಯೆತ್ತಿ ನೋಡಿದ. ಅವನ ಜಾಗಕ್ಕೆ ಬಂದ ಹೊಸ ಲೈನ್‌ಮನ್ನಿಗೆ ಫೋನು ಮಾಡಿ, ಎಲ್ಲಿದ್ದೀಯ ಅಂತ ಕೇಳಿದ. ಅಷ್ಟು ಹೊತ್ತೂ ಬಿಸಿಲಲ್ಲಿ ಊರು ಕಾಯುತ್ತ ನಿಂತಿತ್ತು, ಒಬ್ಬರೂ ಬೇಗ ಅನ್ನಲಿಲ್ಲ. ಅವನು ಹಾಗೇ ಕುಂಟುತ್ತ ವಾಪಸ್ ಬಂದು, "ಯಾರೂ ಇಲ್ಲ. ಹಾಕಿ" ಅಂದ.

ಬಿಸಿಲು ಊರಿನದು, ಪ್ಯಾನೆಲ್ಲು ಊರಿನದು, ಕರೆಂಟು ಊರಿನದು ಅಂತ ಗಂಗಮ್ಮ ನನ್ನ ಜೊತೆ ಆಡಿದ ಜಗಳದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ತಂತಿಯ ಆ ತುದಿಯಲ್ಲಿ ಒಬ್ಬ ಮನುಷ್ಯನ ಕೈ ಇರಬಹುದು, ಅವನನ್ನು ಕೇಳುವವರೆಗೆ ಅದು ಯಾರದೂ ಅಲ್ಲ. ನನ್ನ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಲಿಸಲಿಕ್ಕೆ ಗೌಸನ ಎರಡು ಬೆರಳು ತೆಗೆದುಕೊಂಡಿತು.